ಹಾಲು, ಮೊಟ್ಟೆ, ಮೀನು ಎಲ್ಲ ಬಿಟ್ಟಾಯಿತು, ಹೊಟ್ಟೆ ಮಾತ್ರ ತುಂಬುತ್ತಿಲ್ಲ

ವಿನೋಬನಗರದ ಹುಡುಗಿ

ನಮಸ್ಕಾರ. ನೇರ ವಿಷಯಕ್ಕೆ ಬರುತ್ತೇನೆ. ಮೂರು ತಿಂಗಳಿಂದ ನಾನು ಗಿಡದಿಂದ, ಮರದಿಂದ ಬಂದಿದ್ದನ್ನು ಮಾತ್ರ ತಿನ್ನುತ್ತಿದ್ದೇನೆ. ಮೊದಲು ಕೋಳಿ, ಮೀನು, ಮೊಟ್ಟೆ ಬಿಟ್ಟೆ. ಆಮೇಲೆ ಹಾಲು, ಮೊಸರು, ತುಪ್ಪವೂ ಹೋಯಿತು. ಯಾಕೆ ಬಿಟ್ಟೆ ಅನ್ನೋದು ನನ್ನ ವಿಷಯ, ಅದರ ಮೇಲೆ ಇಲ್ಲಿ ಜಗಳ ಬೇಡ, ಮನೆಯಲ್ಲೇ ಬೇಕಾದಷ್ಟು ಆಗಿದೆ. ನಮ್ಮದು ತೀರ್ಥಹಳ್ಳಿ ಕಡೆಯವರ ಮನೆ. ಭಾನುವಾರ ಅಂದರೆ ಕಡುಬು, ಕೋಳಿ ಸಾರು. ಮಳೆ ಹಿಡಿದರೆ ಹೊಳೆಯಿಂದ ಗದ್ದೆಗೆ ಹತ್ತಿ ಬರುವ ಹತ್ತುಮೀನು. ಅಂಥ ಮನೆಯಲ್ಲಿ ಒಬ್ಬಳು ಇದ್ದಕ್ಕಿದ್ದ ಹಾಗೆ ಮಜ್ಜಿಗೆಯೂ ಬೇಡ ಅಂದರೆ ಹೇಗಿರುತ್ತದೆ ಹೇಳಿ.

ಸಮಸ್ಯೆ ಏನೆಂದರೆ ಹಸಿವು. ಬೆಳಿಗ್ಗೆ ಎಂಟಕ್ಕೆ ಮೂರು ಇಡ್ಲಿ ಚಟ್ನಿ, ಇಲ್ಲವೇ ಒಗ್ಗರಣೆ ಅವಲಕ್ಕಿ. ಹನ್ನೊಂದು ಗಂಟೆಗೆ ಆಫೀಸಿನಲ್ಲಿ ಹೊಟ್ಟೆ ಗುರ್ ಅನ್ನುತ್ತದೆ, ಪಕ್ಕದ ಟೇಬಲ್ಲಿಗೂ ಕೇಳಿಸುವ ಹಾಗೆ. ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ, ಟೊಮೆಟೊ ಸಾರು, ಬೀನ್ಸ್ ಅಥವಾ ಸೀಮೆಬದನೆ ಪಲ್ಯ. ನಾಲ್ಕಕ್ಕೆ ಮತ್ತೆ ಹಸಿವು, ಆಗ ಮಂಡಕ್ಕಿ ಮತ್ತು ಕರಿಕಾಫಿ. ರಾತ್ರಿ ಎರಡು ಚಪಾತಿ, ಪಲ್ಯ. ಹತ್ತೂವರೆಗೆ ಕತ್ತಲಲ್ಲಿ ಚಕ್ಕುಲಿ ಡಬ್ಬ ಹುಡುಕುತ್ತಾ ಅಡುಗೆಮನೆಯಲ್ಲಿ ನಿಂತಿರುತ್ತೇನೆ. ನಾನು ಕಡಿಮೆ ತಿನ್ನುತ್ತಿಲ್ಲ, ನಿಜವಾಗಿ. ಮೊದಲಿಗಿಂತ ಜಾಸ್ತಿಯೇ ತಿನ್ನುತ್ತಿದ್ದೇನೆ ಅನಿಸುತ್ತದೆ.

ಇನ್ನೊಂದು ಇದೆ, ಹೇಳೋಕೆ ಸ್ವಲ್ಪ ಕಷ್ಟ. ಕೆಲವು ದಿನ ಹೊಟ್ಟೆ ಗಟ್ಟಿಯಾಗಿರುತ್ತದೆ, ಇನ್ನೊಂದು ತುತ್ತು ಹೋಗಲ್ಲ, ಆದರೂ ಊಟ ಮಾಡಿದ ಹಾಗೇ ಆಗಿರುವುದಿಲ್ಲ. ತಟ್ಟೆ ಮುಂದೆ ಸುಮ್ನೆ ಕೂತಿರುತ್ತೇನೆ. ಅಮ್ಮ ಹೇಳುವುದು ಒಂದೇ ಮಾತು, "ಮಜ್ಜಿಗೆ ಅನ್ನ ಉಣ್ಣದೆ ಎದ್ದರೆ ಅದು ಯಾವ ಊಟ?" ಇದಕ್ಕೆ ಏನಾದರೂ ದಾರಿ ಇದೆಯಾ? ವಯಸ್ಸು 31, ತೂಕ 55 ಕೆಜಿ, ಬೇರೆ ಕಾಯಿಲೆ ಇಲ್ಲ. ಅಂಗಡಿಯ ದುಬಾರಿ ಪುಡಿ, ಬಾದಾಮಿ ಹಾಲು ಅಂತ ಹೇಳಬೇಡಿ, ಸಂಬಳ ಅಷ್ಟಿಲ್ಲ.

ಸಾಗರದ ಅಪ್ಪೆಮಿಡಿ

ತಂಗಿ, ನೀನು ಬರೆದಿದ್ದನ್ನು ಎರಡು ಸಲ ಓದಿದೆ. ಇಡ್ಲಿಯ ಉದ್ದು ಬಿಟ್ಟರೆ ಇಡೀ ದಿನದಲ್ಲಿ ಒಂದೇ ಒಂದು ಕಾಳು ಇಲ್ಲವಲ್ಲ ಮಾರಾಯ್ತಿ! ಅಕ್ಕಿ, ಅಕ್ಕಿ, ಮತ್ತೆ ಅಕ್ಕಿ, ರಾತ್ರಿ ಗೋಧಿ. ಟೊಮೆಟೊ ಸಾರು ಅನ್ನುವುದು ಹುಳಿ ನೀರು. ಮೊದಲು ಅದೇ ಅನ್ನದ ಪಕ್ಕ ಮೀನಿತ್ತು, ಮೊಟ್ಟೆ ಇತ್ತು, ಕೊನೆಗೆ ಮೊಸರಿತ್ತು. ಅದನ್ನೆಲ್ಲ ತಟ್ಟೆಯಿಂದ ಎತ್ತಿದೆ, ಆ ಜಾಗಕ್ಕೆ ಏನನ್ನೂ ಇಡಲಿಲ್ಲ. ಹಸಿವಾಗದೆ ಇನ್ನೇನು?

ನಮ್ಮ ಮನೆಯಲ್ಲಿ ನನ್ನ ಅತ್ತೆ ಹುರುಳಿ ಬೇಯಿಸಿದರೆ ಕಟ್ಟು ಬಸಿದು ನಮಗೆ ಸಾರು ಮಾಡುತ್ತಿದ್ದರು, ಬೆಂದ ಕಾಳು ಬಕೆಟ್ಟಿಗೆ ಹಾಕಿ ಕೊಟ್ಟಿಗೆಗೆ ಹೋಗುತ್ತಿತ್ತು. ಘಮಘಮ ಸಾರು ನಮಗೆ, ಹೊಟ್ಟೆ ತುಂಬುವ ಭಾಗ ಎಮ್ಮೆಗೆ! ಎಮ್ಮೆ ಹಾಲು ಕೊಡುತ್ತಿತ್ತು, ನಾವು ಅದನ್ನು ಕುಡಿಯುತ್ತಿದ್ದೆವು, ಹಾಗಾಗಿ ಲೆಕ್ಕ ಸರಿಹೋಗುತ್ತಿತ್ತು ಅನ್ನಿ. ಈಗ ನೀನು ಹಾಲು ಬಿಟ್ಟಿದ್ದೀಯ, ಅಂದಮೇಲೆ ಆ ಕಾಳು ನಿನ್ನ ತಟ್ಟೆಗೇ ಬರಬೇಕು. ಕಟ್ಟಿನ ಸಾರು ಮಾಡು, ಕಾಳಿಗೆ ಕಾಯಿತುರಿ, ಒಣಮೆಣಸು, ಒಂದು ಚಮಚ ಕೊಬ್ಬರಿ ಎಣ್ಣೆಯ ಒಗ್ಗರಣೆ ಹಾಕಿ ಪಲ್ಯ ಮಾಡು. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ ಆಯಿತು. ಬೆಳಿಗ್ಗೆ ಅವಲಕ್ಕಿ ತಿನ್ನುವ ದಿನ ಪಕ್ಕಕ್ಕೆ ಹೆಸರುಕಾಳಿನ ಉಸಲಿ ಇಟ್ಟುಕೋ, ಚಿಟಿಕೆ ಅಲ್ಲ, ಒಂದು ಬಟ್ಟಲು.

ಇನ್ನು ನಿನ್ನ ಅಮ್ಮ ಹೇಳಿದ ಮಾತು. ಅವರು ಹೇಳಿದ್ದು ಸರಿ ಇದೆ, ನೀನು ಅದನ್ನು ಹಾಲಿನ ಜಗಳ ಅಂದುಕೊಂಡಿದ್ದೀಯ ಅಷ್ಟೇ. ನಮ್ಮ ಊಟಕ್ಕೆ ಒಂದು ಕೊನೆ ಇದೆ. ಸಾರು ಆಯಿತು, ಹುಳಿ ಆಯಿತು, ಕೊನೆಯಲ್ಲಿ ತಣ್ಣಗೆ, ಹುಳಿಹುಳಿಯಾಗಿ, ಉಪ್ಪು ಬಿದ್ದ ಒಂದು ಅನ್ನ. ಅದು ಬಾಯಿಗೆ ಬೀಳುವ ತನಕ ಬಾಯಿ ಕಾಯುತ್ತಲೇ ಇರುತ್ತದೆ. ಅದಕ್ಕೆ ಮೊಸರೇ ಆಗಬೇಕು ಅಂತ ಇಲ್ಲ. ಒಂದೆಲಗ, ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು ಕಾಯಿ ಜೊತೆ ನುಣ್ಣಗೆ ಬೀಸಿ, ನೀರಾಗಿ ಮಾಡಿ, ಮಜ್ಜಿಗೆ ಬದಲು ನಿಂಬೆಹುಳಿ ಹಿಂಡು. ಅಥವಾ ಮುರುಗಲ, ಅಂದರೆ ಕೋಕಂ ಸಿಪ್ಪೆ ನೆನೆಸಿದ ನೀರು ಹಾಕು. ತಂಬುಳಿ ತಂಬುಳಿಯೇ. ಅದಕ್ಕಿಂತ ನನಗೆ ಮಾವಿನ ಮಿಡಿಯ ಅಪ್ಪೆಹುಳಿ ಇಷ್ಟ. ಈಗ ಹಸಿ ಮಿಡಿ ಸಿಗುವುದಿಲ್ಲ, ಉಪ್ಪುನೀರಿನಲ್ಲಿ ಹಾಕಿಟ್ಟ ಮಿಡಿ ಇದ್ದರೆ ಎರಡು ತೆಗೆದು ಜಜ್ಜಿ, ನೀರು ಬೆರೆಸಿ, ಸಾಸಿವೆ, ಇಂಗು, ಸೂಜಿಮೆಣಸಿನ ಒಗ್ಗರಣೆ ಕೊಡು. ಉಪ್ಪು ನೋಡಿಕೊಂಡು ಹಾಕು, ಮಿಡಿಯಲ್ಲೇ ಬೇಕಾದಷ್ಟು ಇರುತ್ತದೆ. ಕೊನೆಯ ತುತ್ತು ಅನ್ನಕ್ಕೆ ಕಲಸಿ, ಉಳಿದಿದ್ದನ್ನು ಲೋಟಕ್ಕೆ ಬಗ್ಗಿಸಿ ಕುಡಿ. ನಿದ್ದೆ ಬಂದರೆ ನನ್ನನ್ನು ಬೈಯಬೇಡ, ಆಫೀಸಿನ ದಿನ ಬೇಡ.

ಕೊಪ್ಪದ ತೋಟದವ

ನಾನು ಹಾಲು ಬಿಡುವವನಲ್ಲ, ಮೀನು ಬಿಡುವವನಂತೂ ಅಲ್ಲವೇ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೂ ಒಂದು ಮಾತು. ನಮ್ಮಲ್ಲಿ ಅಡಿಕೆ ಕೊನೆ ಕೊಯ್ಲಿನ ಹೊತ್ತಿನಲ್ಲಿ ಕೆಲಸಕ್ಕೆ ಬರುವವರು ಬೆಳಿಗ್ಗೆ ತಿನ್ನುವುದು ನೋಡಿದ್ದೀರಾ? ನಾಲ್ಕು ಅಕ್ಕಿರೊಟ್ಟಿ, ಮೇಲೆ ಕಾಳಿನ ಪಲ್ಯ, ಕಾಯಿಚಟ್ನಿ ಇಷ್ಟು ದಪ್ಪ. ಅದರಲ್ಲಿ ಹಾಲೂ ಇಲ್ಲ, ಮಾಂಸವೂ ಇಲ್ಲ. ಮಧ್ಯಾಹ್ನದ ತನಕ ಯಾರೂ ಹಸಿವು ಅನ್ನುವುದಿಲ್ಲ. ಮೂರು ಇಡ್ಲಿ ತಿಂದು ಹಸಿವು ಅಂದರೆ ಇಡ್ಲಿಯ ತಪ್ಪಾ? ಇಡ್ಲಿಯಲ್ಲಿ ಇರುವುದೇ ಗಾಳಿ ಮತ್ತು ನೀರು.

ಮತ್ತೆ ಆಫೀಸಿನವರು ಉಣ್ಣುವುದು ಹೇಗೆ ಅಂತ ನನಗೆ ಗೊತ್ತು, ನನ್ನ ಮಗ ಅದೇ ಜಾತಿ. ಎಡಗೈಯಲ್ಲಿ ಮೊಬೈಲು, ಬಲಗೈಯಲ್ಲಿ ಚಮಚ, ಏಳು ನಿಮಿಷಕ್ಕೆ ಡಬ್ಬಿ ಖಾಲಿ. ಏನು ತಿಂದೆ ಅಂತ ಕೇಳಿದರೆ ನೆನಪಿರುವುದಿಲ್ಲ. ಮನಸ್ಸಿಗೇ ಗೊತ್ತಾಗದ ಊಟ ಹೊಟ್ಟೆಗೆ ಹೇಗೆ ಗೊತ್ತಾಗಬೇಕು?

ಈಗ ಮಳೆಗಾಲ. ಹಲಸು ಇದೆ, ಕಳಲೆ (ಎಳೆ ಬಿದಿರು) ಬಂದಿದೆ, ಕೆಸುವಿನ ಸೊಪ್ಪು ರಸ್ತೆ ಬದಿಯಲ್ಲೇ ಬೆಳೆದಿದೆ. ಹಲಸಿನಕಾಯಿ ಹುಳಿ ಮಾಡಿಕೊಂಡು ತಿನ್ನಿ, ಪೇಟೆಯವರು ಅದನ್ನೇ ಮಾಂಸದ ಬದಲು ಅಂತ ಡಬ್ಬಿಯಲ್ಲಿ ಮಾರುತ್ತಾರಂತೆ. ನಮ್ಮಲ್ಲಿ ಮರದ ಕೆಳಗೆ ಬಿದ್ದು ಕೊಳೆಯುತ್ತಿದೆ.

ಅಳತೆ ತಕ್ಕಡಿ

ನಾನು ಆಹಾರ ವಿಜ್ಞಾನ ಓದಿದವಳು, ಈಗ ಪಾಠ ಮಾಡುತ್ತೇನೆ. ಮೇಲೆ ಇಬ್ಬರು ಹೇಳಿದ್ದರಲ್ಲಿ ಹೆಚ್ಚಿನದು ಸರಿ, ಹಲಸಿನ ವಿಷಯ ಬಿಟ್ಟು. ತೋಟದಣ್ಣ, ಹಲಸಿನಕಾಯಿ ಕಚ್ಚಿದರೆ ಮಾಂಸದ ಹಾಗೆ ನಾರುನಾರು ಇರಬಹುದು, ಪ್ರೋಟೀನು ಮಾತ್ರ 100 ಗ್ರಾಂಗೆ ಎರಡು ಮೂರು ಗ್ರಾಂ ಅಷ್ಟೇ. ಬೀಜ ಅದಕ್ಕಿಂತ ಎಷ್ಟೋ ವಾಸಿ. ಕೆಮ್ಮಣ್ಣು ಬಳಿದು ಮಳೆಗಾಲಕ್ಕೆ ತೆಗೆದಿಡುತ್ತಿದ್ದರಲ್ಲ, ಆ ಬೀಜ. ಹಲಸು ಖಂಡಿತ ತಿನ್ನಲಿ, ಕಾಳಿನ ಬದಲಾಗಿ ಬೇಡ, ಕಾಳಿನ ಜೊತೆಗೆ.

ಹೊಟ್ಟೆ ತುಂಬಿತು ಅನ್ನುವ ಸುದ್ದಿ ಮೆದುಳಿಗೆ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಮೊದಲನೆಯದು ಹೊಟ್ಟೆಯ ಗೋಡೆ ಹಿಗ್ಗುವುದು. ಅನ್ನ, ಸಾರು, ಸೊಪ್ಪು, ನೀರು ಏನೇ ಆದರೂ ಹಿಗ್ಗುತ್ತದೆ, ಆದರೆ ನೀರಾದ ಊಟ ಬೇಗ ಕೆಳಗೆ ಇಳಿಯುತ್ತದೆ, ಹಿಗ್ಗಿದ್ದು ಕುಗ್ಗುತ್ತದೆ, ಹನ್ನೊಂದು ಗಂಟೆಗೆ ಗುರ್ ಅನ್ನುತ್ತದೆ. ಎರಡನೆಯದು ಕರುಳು ಕಳಿಸುವ ಸುದ್ದಿ. ಪ್ರೋಟೀನು, ಕೊಬ್ಬು ಕರುಳಿಗೆ ಮುಟ್ಟಿದಾಗ ಅಲ್ಲಿಂದ ಹಾರ್ಮೋನುಗಳು ಹೊರಡುತ್ತವೆ, ಸಾಕು ಅನ್ನುತ್ತವೆ, ಹೊಟ್ಟೆ ಖಾಲಿಯಾಗುವ ವೇಗವನ್ನೂ ಕಡಿಮೆ ಮಾಡುತ್ತವೆ. ಇದು ಸರಿಯಾಗಿ ಗೊತ್ತಾಗಲು ಸುಮಾರು ಇಪ್ಪತ್ತು ನಿಮಿಷ ಬೇಕು. ಏಳು ನಿಮಿಷದ ಊಟದ ಬಗ್ಗೆ ಅಣ್ಣ ಹೇಳಿದ್ದು ಅದಕ್ಕೇ ಸರಿ.

ಈಗ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ನಿಮ್ಮ 55 ಕೆಜಿಗೆ ಹತ್ತಿರ ಹತ್ತಿರ 46 ಗ್ರಾಂ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 8 ಗ್ರಾಂ ಇದೆ, ಹುರುಳಿ, ಹೆಸರು, ತೊಗರಿಯಲ್ಲಿ 22 ಗ್ರಾಂ ಆಸುಪಾಸು. ನೀವು ಬರೆದ ಪಟ್ಟಿ ನೋಡಿದರೆ ದಿನಕ್ಕೆ 30 ಗ್ರಾಂ ದಾಟುವುದೇ ಕಷ್ಟ ಅಂತ ನನ್ನ ಅಂದಾಜು. ಒಂದು ಹಿಡಿ ಒಣ ಕಾಳು 30 ಗ್ರಾಂ ಅಂದುಕೊಳ್ಳಿ, ದಿನಕ್ಕೆ ಮೂರು ಹಿಡಿ ನೆನೆಸಿದರೆ 20 ಗ್ರಾಂ ಸೇರಿತು. ನಾರಿನಂಶವೂ ಜೊತೆಗೇ ಬಂತು. ಅನ್ನ ಅರ್ಧಕ್ಕೆ ಇಳಿಸಿ ಅಂತ ನಾನು ಹೇಳುವುದಿಲ್ಲ, ಮಲೆನಾಡಿನವರಿಗೆ ಅದು ಆಗದ ಮಾತು. ಕಾಳನ್ನು ನೆಂಜಿಕೊಳ್ಳುವ ಹಾಗೆ ಬಡಿಸಿಕೊಳ್ಳಬೇಡಿ, ಅನ್ನದಷ್ಟೇ ಬಡಿಸಿಕೊಳ್ಳಿ, ಅಷ್ಟು ಸಾಕು.

ಕೊಬ್ಬಿಗೆ ಹೆದರಬೇಡಿ. ತುಪ್ಪ, ಮೊಸರಿನ ಕೆನೆ, ಮೀನಿನ ಎಣ್ಣೆ ಎಲ್ಲ ಒಟ್ಟಿಗೆ ನಿಂತಿದೆ. ಕಾಯಿತುರಿ, ಶೇಂಗಾ, ಎಳ್ಳು ಆ ಜಾಗಕ್ಕೆ ಬರಬೇಕು. ಬೀನ್ಸ್ ಪಲ್ಯಕ್ಕೆ ಶೇಂಗಾಪುಡಿ ಉದುರಿಸಿದರೂ ಆಯಿತು.

1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿದ್ದರು, ಪಾಠ ಮಾಡುವಾಗ ಯಾವಾಗಲೂ ಹೇಳುತ್ತೇನೆ. 38 ತಿನಿಸುಗಳು, ಪ್ರತಿಯೊಂದರಲ್ಲೂ ಒಂದೇ ಅಳತೆ ಶಕ್ತಿ, 240 ಕ್ಯಾಲೊರಿ. ತಿಂದವರನ್ನು ಎರಡು ಗಂಟೆ ಕೂರಿಸಿ ಆಗಾಗ ಹೊಟ್ಟೆ ಎಷ್ಟು ತುಂಬಿದೆ ಅಂತ ಕೇಳಿದರು. ಬಿಳಿ ಬ್ರೆಡ್ಡಿಗೆ 100 ಅಂಕ ಅಂತ ಇಟ್ಟುಕೊಂಡರೆ ಬೇಯಿಸಿದ ಆಲೂಗಡ್ಡೆಗೆ 323 ಬಂತು, ಎಲ್ಲಕ್ಕಿಂತ ಮೇಲೆ. ಮೀನಿಗೆ 225. ಅಂದರೆ ಮೀನು ಬಿಟ್ಟ ಮೇಲೆ ಏನೋ ಕಡಿಮೆ ಆಯಿತು ಅನ್ನುವುದು ನಿಮ್ಮ ಭ್ರಮೆ ಅಲ್ಲ. ಎಲ್ಲಕ್ಕಿಂತ ಕೆಳಗೆ ಇದ್ದದ್ದು ಬೆಣ್ಣೆ ಹಾಕಿ ಪದರಪದರವಾಗಿ ಸುಡುವ ಕ್ರೊಸಾಂಟ್, 47. ನಮ್ಮ ಬೇಕರಿಯ ಪಫ್ಸ್ ಅದರ ದಾಯಾದಿ. ಆಲೂಗಡ್ಡೆ ಬೆಂದಿದ್ದು ಅಂದೆ, ಬೋಂಡ ಅಲ್ಲ.

ಇದಕ್ಕಿಂತ ಮುಖ್ಯವಾದ ಮಾತು. ಬಿ 12 ಅನ್ನುವ ವಿಟಮಿನ್ ಗಿಡಮೂಲದ ಊಟದಲ್ಲಿ ನಂಬುವಷ್ಟು ಸಿಗುವುದಿಲ್ಲ. ಸೊಪ್ಪು, ಮೊಳಕೆ, ಹುದುಗು ಹಿಟ್ಟು ಏನೇ ತಿಂದರೂ. ಹಾಲನ್ನೂ ಬಿಟ್ಟಿರುವುದರಿಂದ ಮಾತ್ರೆ ಬೇಕೇ ಬೇಕು, ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರ ಹತ್ತಿರ ಅಳತೆ ಕೇಳಿ. ಮೂರು ತಿಂಗಳಿಗೆ ಏನೂ ಗೊತ್ತಾಗದೇ ಇರಬಹುದು, ದೇಹದಲ್ಲಿ ಕೂಡಿಟ್ಟಿದ್ದು ಇರುತ್ತದೆ. ಹಾಗಂತ ಮರೆತುಬಿಡಬೇಡಿ. ಸುಣ್ಣದ ಅಂಶಕ್ಕೆ, ಅಂದರೆ ಕ್ಯಾಲ್ಸಿಯಂಗೆ, ರಾಗಿ, ಎಳ್ಳು. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಇದೆ. ಮತ್ತೆ ಆ ಕರಿಕಾಫಿ, ಅದನ್ನು ಊಟದ ಜೊತೆ ಕುಡಿಯಬೇಡಿ, ಕಾಳು ಸೊಪ್ಪಿನ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಿಂಬೆಹುಳಿ ಹಿಂಡಿದರೆ ಚೆನ್ನಾಗಿ ಹತ್ತುತ್ತದೆ.

ರೂಮ್ ನಂಬರ್ ಏಳು

ಅಕ್ಕ, ನಾನು ಶಿವಮೊಗ್ಗದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೇನೆ. ನನ್ನ ಹತ್ತಿರ ಇರುವುದು ಒಂದು ರೈಸ್ ಕುಕ್ಕರ್, ಒಂದು ಚಾಕು. ನಾನು ಪೂರ್ತಿ ಬಿಟ್ಟವನಲ್ಲ, ದುಡ್ಡಿಲ್ಲದೆ ಬಿಟ್ಟವನು, ಹ್ಹ ಹ್ಹ. ಸೋಯಾ ಉಂಡೆ ಬರುತ್ತದಲ್ಲ, ಒಣಗಿದ್ದು, ಅದರಲ್ಲಿ ಅರ್ಧಕ್ಕರ್ಧ ಪ್ರೋಟೀನು. 30 ಗ್ರಾಂ ನೆನೆಸಿ ಹಿಂಡಿ ಅನ್ನಕ್ಕೇ ಹಾಕಿ ಬೇಯಿಸಿದರೆ ಸುಮಾರು 15 ಗ್ರಾಂ ಆಯಿತು. ಹಿಂಡುವುದು ಮರೆಯಬೇಡಿ, ಇಲ್ಲದಿದ್ದರೆ ಒದ್ದೆ ಗೋಣಿಚೀಲ ಅಗಿದ ಹಾಗೆ.

ಮಂಡಕ್ಕಿ ಬಗ್ಗೆ ಹೇಳಲೇಬೇಕು. ಸಂಜೆ ಮಳೆ, ಮಂಡಕ್ಕಿ, ಮೆಣಸಿನಕಾಯಿ ಬೋಂಡ, ಅದನ್ನು ಬಿಡಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಒಂದು ದಿನ ಸುಮ್ನೆ ತೂಕ ಮಾಡಿ ನೋಡಿದೆ, ದೊಡ್ಡ ಪೊಟ್ಟಣ ಅಂದುಕೊಂಡಿದ್ದು ತಕ್ಕಡಿಯಲ್ಲಿ ಏನೂ ಇಲ್ಲ. ಈಗ ಅದೇ ಮಂಡಕ್ಕಿಗೆ ಎರಡು ಹಿಡಿ ಹುರಿಗಡಲೆ, ಒಂದು ಹಿಡಿ ಹುರಿದ ಶೇಂಗಾ, ಈರುಳ್ಳಿ, ಕಾಯಿತುರಿ ಸೇರಿಸುತ್ತೇನೆ. ರಾತ್ರಿ ಒಂಬತ್ತರ ತನಕ ಯಾರ ಹಂಗೂ ಇಲ್ಲ.

ವಿನೋಬನಗರದ ಹುಡುಗಿ

ಹದಿನೆಂಟು ದಿನ ಆಯಿತು. ಎಲ್ಲರಿಗೂ ಥ್ಯಾಂಕ್ಸ್, ತಕ್ಕಡಿ ಅಕ್ಕನಿಗೆ ಜಾಸ್ತಿ. ಬಿ 12 ಪರೀಕ್ಷೆ ಮಾಡಿಸಿದೆ, ಕಡಿಮೆ ಅಂಚಿನಲ್ಲಿದೆ ಅಂದರು, ಮಾತ್ರೆ ಶುರುವಾಗಿದೆ.

ಬೆಳಿಗ್ಗೆ ಈಗ ಎರಡು ಅಕ್ಕಿರೊಟ್ಟಿ, ಜೊತೆಗೆ ಬಟ್ಟಲು ತುಂಬ ಹುರುಳಿ ಅಥವಾ ಹೆಸರುಕಾಳು. ನಂಬುತ್ತೀರೋ ಇಲ್ಲವೋ, ಮೊದಲ ದಿನವೇ ಒಂದು ಗಂಟೆ ತನಕ ಹಸಿವಾಗಲಿಲ್ಲ. ಹನ್ನೊಂದಕ್ಕೆ ಹೊಟ್ಟೆ ಕೂಗುತ್ತದೆ ಅಂತ ಅಭ್ಯಾಸಕ್ಕೆ ಕಾಯುತ್ತಿದ್ದೆ, ಕೂಗಲೇ ಇಲ್ಲ. ಮಂಡಕ್ಕಿಗೆ ಕಡಲೆ ಶೇಂಗಾ ಸೇರಿದೆ. ಸೋಯಾ ಮಾತ್ರ ನನಗೆ ಆಗಲಿಲ್ಲ, ಗೋಣಿಚೀಲ ಅಂದದ್ದು ತಲೆಯಲ್ಲಿ ಕೂತುಬಿಟ್ಟಿದೆ ತಮ್ಮಾ, ನಿನ್ನದೇ ತಪ್ಪು.

ಅಪ್ಪೆಹುಳಿ ವಿಷಯ. ಅಮ್ಮನಿಗೆ ಓದಿ ಹೇಳಿದೆ. "ಸಾಗರದವರು ಹೇಳಿದರೆ ಕೇಳುತ್ತೀಯ, ನಾನು ಹೇಳಿದರೆ ಇಲ್ಲ" ಅಂತ ಗೊಣಗುತ್ತಾ ಭರಣಿಯಿಂದ ಮಿಡಿ ತೆಗೆದರು. ಕೊನೆಯ ಅನ್ನ ಕಲಸಿ ಉಂಡೆ. ಲೋಟ ಕುಡಿದೆ. ಕೈ ತೊಳೆಯಲು ಎದ್ದಾಗ ಗೊತ್ತಾಯಿತು, ಮೂರು ತಿಂಗಳಲ್ಲಿ ಇವತ್ತೇ ಊಟ ಮುಗಿಸಿ ಎದ್ದದ್ದು ಅಂತ. ರಾತ್ರಿ ಚಕ್ಕುಲಿ ಡಬ್ಬದ ಕಡೆ ಹೋಗಲಿಲ್ಲ.

ಆದರೆ ಗ್ಯಾಸ್! ದೇವರೇ. ಮೊದಲ ವಾರ ಆಫೀಸಿನಲ್ಲಿ ಹೊಟ್ಟೆಯ ಸದ್ದು ನಿಂತಿತು, ಬೇರೆ ಚಿಂತೆ ಶುರುವಾಯಿತು. ಇದಕ್ಕೆ ಏನಾದರೂ ಹೇಳಿ. ಇನ್ನೊಂದು, ಭಾನುವಾರದ ಕಡುಬಿಗೆ ಏನು ಮಾಡುವುದು? ಚಟ್ನಿಯಲ್ಲಿ ಕಡುಬು ತಿನ್ನುವಾಗ ಪಕ್ಕದಲ್ಲಿ ಕೋಳಿ ಸಾರಿನ ವಾಸನೆ, ಅದೊಂದು ಹೊತ್ತು ಮಾತ್ರ ತುಂಬಾ ಕಷ್ಟ.

ಅಳತೆ ತಕ್ಕಡಿ

ಒಂದೇ ಸಲಕ್ಕೆ ಬಟ್ಟಲು ತುಂಬ ಶುರು ಮಾಡಿದ್ದೀರಿ, ಅದಕ್ಕೇ. ಕಾಳಿನಲ್ಲಿರುವ ಒಂದು ಬಗೆಯ ಸಕ್ಕರೆ ನಮಗೆ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ತಿಂದು ಗಾಳಿ ಮಾಡುತ್ತವೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿ. ಮೊಳಕೆ ಬರಿಸಿದರೆ ಇನ್ನೂ ಹಗುರ. ಸ್ವಲ್ಪ ದಿನ ಅರ್ಧ ಬಟ್ಟಲಿಗೆ ಇಳಿಸಿ ನಿಧಾನ ಏರಿಸಿ, ಕೆಲವು ವಾರದಲ್ಲಿ ಹೊಟ್ಟೆ ಒಗ್ಗಿಕೊಳ್ಳುತ್ತದೆ. ನೀರು ಜಾಸ್ತಿ ಕುಡಿಯಿರಿ. ಹೆಸರುಕಾಳು ಹುರುಳಿಗಿಂತ ಸುಲಭ, ಆಫೀಸಿನ ದಿನ ಅದು ಇರಲಿ.

ಸಾಗರದ ಅಪ್ಪೆಮಿಡಿ

ಒಗ್ಗರಣೆಗೆ ಇಂಗು ಧಾರಾಳ ಹಾಕು, ಮಜ್ಜಿಗೆ ಬದಲು ಓಮದ ನೀರು ಒಂದು ಲೋಟ. ಕಡುಬಿನ ವಿಷಯ ನನ್ನನ್ನು ಕೇಳಬೇಡ, ನಮ್ಮಲ್ಲಿ ಕಡುಬಿಗೆ ಕಾಯಿಹಾಲು ಬೆಲ್ಲ. ಅದು ನಿನ್ನ ದುಃಖಕ್ಕೆ ಮದ್ದಲ್ಲ.

ಕೊಪ್ಪದ ತೋಟದವ

ಕೋಳಿ ಸಾರಿನಲ್ಲಿ ವಾಸನೆ ಬರುವುದು ಕೋಳಿಯಿಂದ ಅಂದುಕೊಂಡಿದ್ದೀರಾ? ಮುಕ್ಕಾಲು ಪಾಲು ಮಸಾಲೆಯದು. ಕೊತ್ತಂಬರಿ ಬೀಜ, ಒಣಮೆಣಸು, ಕಾಳುಮೆಣಸು, ಚಕ್ಕೆ, ಲವಂಗ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುರಿದ ಕಾಯಿ. ಅಮ್ಮ ಬೀಸುವಾಗಲೇ ಎರಡು ಪಾಲು ಮಾಡಿ ಒಂದನ್ನು ನಿಮ್ಮ ಪಾತ್ರೆಗೆ ಹಾಕಿಸಿಕೊಳ್ಳಿ. ಒಳಗೆ ಕಳಲೆ ಮತ್ತು ಮೊಳಕೆ ಬಂದ ಹುರುಳಿ. ಕಳಲೆ ಕಚ್ಚುವುದಕ್ಕೆ, ಹುರುಳಿ ಹೊಟ್ಟೆಗೆ. ಅಣಬೆ ಸಿಕ್ಕರೂ ಆಗುತ್ತದೆ, ಆದರೆ ಗೊತ್ತಿಲ್ಲದ ಅಣಬೆ ಕಿತ್ತು ತರಬೇಡಿ, ಪ್ರಾಣ ಹೋಗುತ್ತದೆ. ಕಳಲೆಯೂ ಅಷ್ಟೇ, ಹೆಚ್ಚಿ ನೀರಿನಲ್ಲಿ ಇಡದೆ ಬೇಯಿಸಬೇಡಿ, ಹಸಿಯದರಲ್ಲಿ ವಿಷ ಇರುತ್ತದೆ.

ವಿನೋಬನಗರದ ಹುಡುಗಿ

ಮಾಡಿದೆವು! ಸಂತೆಯಿಂದ ಕಳಲೆ ತಂದಿದ್ದು ಅಪ್ಪ. ಐದು ಕಡುಬು ತಿಂದೆ. ಎಣಿಸಿದವನು ತಮ್ಮ, ನಾನಲ್ಲ. ಗ್ಯಾಸ್ ಕೂಡ ಈಗ ಪರವಾಗಿಲ್ಲ, ಅರ್ಧ ಬಟ್ಟಲಿನಲ್ಲಿ ಇದ್ದೇನೆ.

ಕೊಪ್ಪದ ತೋಟದವ

ಕಳಲೆ ಎಷ್ಟು ದಿನ ನೀರಿನಲ್ಲಿ ಇಟ್ಟಿರಿ? ನೀರು ಬದಲಿಸಿದಿರಾ?

ವಿನೋಬನಗರದ ಹುಡುಗಿ

ಮೂರು ದಿನ. ದಿನಾ ಬದಲಿಸಿದ್ದು ಅಮ್ಮ. ನಾನು ಎರಡನೇ ದಿನವೇ ಬೇಯಿಸೋಣ ಅಂದಿದ್ದೆ, ಬೈಸಿಕೊಂಡೆ.